ಅಜ್ಜನ ಸಹಸ್ರಚಂದ್ರಕ್ಕೆ ಆಲ್ಬಂ ಮಾಡಲು ಹೊರಟೆ, ಪುಟಗಳೆಲ್ಲ ಹಪ್ಪಳ ಆಗಿವೆ. ಏನು ಮಾಡಲಿ?

ಸಾಗರದ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಊರಲ್ಲಿ ನಮ್ಮಜ್ಜನ ಸಹಸ್ರಚಂದ್ರ ದರ್ಶನ ಶಾಂತಿ ಇದೆ. ಪಂಚೆ, ಶಲ್ಯ ಹೇಗೂ ಹತ್ತು ಜನ ತರುತ್ತಾರೆ. ನಾನು ಕೈಯಾರೆ ಏನಾದರೂ ಮಾಡಿ ಕೊಡಬೇಕು ಅಂತ ಮೂರು ಕೆಲಸ ಹಚ್ಚಿಕೊಂಡೆ. ಮೂರೂ ಕೆಟ್ಟು ಕೂತಿವೆ.

ಮೊದಲನೆಯದು ಹಳೇ ಫೋಟೋಗಳ ಆಲ್ಬಂ. ಕಪ್ಪು ಹಾಳೆ ತಂದೆ, ಫೋಟೋ ಹಿಂದೆ ಪೂರ್ತಿ ಬಿಳಿ ಅಂಟು ಬಳಿದು ಅಂಟಿಸಿದೆ. ರಾತ್ರಿ ಮಲಗುವಾಗ ಚೆನ್ನಾಗೇ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಪುಟಗಳೆಲ್ಲ ಎಣ್ಣೆಗೆ ಬಿಟ್ಟ ಹಪ್ಪಳ! ಎರಡು ಫೋಟೋದ ಅಂಚಲ್ಲಿ ಬಣ್ಣ ಕೂಡ ಹರಡಿದೆ. ಪುಣ್ಯಕ್ಕೆ ಅವು ಮನೆ ಪ್ರಿಂಟರ್‌ನಲ್ಲಿ ತೆಗೆದ ನಕಲುಗಳು, ಅಸಲು ಅಲ್ಲ. ಆದರೂ 18 ಪ್ರಿಂಟ್ ಹಾಳು.

ಎರಡನೆಯದು ಕಾರ್ಡು. 300 ಜಿಎಸ್ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಅಂತ ಬರೆದಿದ್ದ ದಪ್ಪ ಎ4 ಹಾಳೆ ತಂದು ನಡುವೆ ಮಡಿಸಿದೆ. ಮಡಿಕೆ ಉದ್ದಕ್ಕೂ ಬಿರುಕು, ಒಣ ಹಿಮ್ಮಡಿ ಒಡೆದ ಹಾಗೆ. ಮೇಲಿನ ಮರೂನ್ ಬಣ್ಣ ಹೋಗಿ ಒಳಗಿನ ಬಿಳಿ ಕಾಣುತ್ತಿದೆ.

ಮೂರನೆಯದು ಬಂದವರಿಗೆ ಕಲ್ಲುಸಕ್ಕರೆ, ದ್ರಾಕ್ಷಿ, ಗೋಡಂಬಿ ಹಾಕಿ ಕೊಡಲು ಪುಟ್ಟ ಡಬ್ಬಿ. 60 ಬೇಕು. ತಳ 8 ಸೆಂ.ಮೀ., ಮುಚ್ಚಳ 8 ಸೆಂ.ಮೀ. ಅಳತೆ ಹಾಕಿ ಕತ್ತರಿಸಿದೆ, ಅಂಟಿಸಿದೆ, ಮುಚ್ಚಳ ಕೂರೋದೇ ಇಲ್ಲ. ನಗಬೇಡಿ.

ವಿಡಿಯೋ ನೋಡಿ ಅಂತ ಹೇಳಬೇಡಿ, ನೋಡಿಯೇ ಹೀಗಾಗಿದ್ದು. ಅದರಲ್ಲಿ ಕೈ ನಾಲ್ಕು ಸಲ ಅಲ್ಲಾಡಿದರೆ ಡಬ್ಬಿ ರೆಡಿ. ನನ್ನ ಹತ್ರ ಇರೋದು ಕತ್ತರಿ, ಸ್ಟೀಲ್ ಸ್ಕೇಲು, ಪೇಪರ್ ಕಟರ್, ಅಷ್ಟೇ. ತಿಳಿದವರು ಹೇಳಿ.

ಬೈಂಡಿಂಗ್ ಮನೆಯವನು:

ನಮ್ಮಪ್ಪ ಪುಸ್ತಕ ಬೈಂಡಿಂಗ್ ಮಾಡುತ್ತಿದ್ದರು. ನಾನು ಅಂಟಿನ ಬೋಗುಣಿ ಪಕ್ಕದಲ್ಲೇ ಬೆಳೆದವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಆಲ್ಬಂ ಹಪ್ಪಳ ಆಗಿದ್ದಕ್ಕೂ ಕಾರ್ಡು ಬಿರಿದದ್ದಕ್ಕೂ ಮೂಲ ಒಂದೇ. ಬಟ್ಟೆಗೆ ಇದ್ದ ಹಾಗೆ ಕಾಗದಕ್ಕೂ ಎಳೆ ಇದೆ. ಮಿಲ್‌ನಲ್ಲಿ ನೀರಿನಂಥ ತಿರುಳು ಓಡುವ ಜಾಲರಿ ಮೇಲೆ ಬೀಳುತ್ತದಲ್ಲ, ಆಗ ನಾರೆಲ್ಲ ಹೆಚ್ಚಾಗಿ ಜಾಲರಿ ಓಡುವ ದಿಕ್ಕಿಗೇ ಮಲಗಿಬಿಡುತ್ತದೆ. ಪ್ರೆಸ್‌ನವರು ಗ್ರೇನ್ ಅನ್ನೋದು ಇದಕ್ಕೇ. ನಂಬಿಕೆ ಬರದಿದ್ದರೆ ಇವತ್ತಿನ ಪೇಪರ್ ತಗೊಂಡು ಹರಿದು ನೋಡಿ. ಒಂದು ದಿಕ್ಕಿಗೆ ಸ್ಕೇಲ್ ಇಟ್ಟ ಹಾಗೆ ಸರ್ರನೆ ಹರಿಯುತ್ತದೆ, ಇನ್ನೊಂದು ದಿಕ್ಕಿಗೆ ಎಲ್ಲೆಲ್ಲೋ ಹೋಗುತ್ತದೆ.

ಎಳೆಯ ಜೊತೆಗೆ ಮಡಿಸಿದರೆ ಮಡಿಕೆ ನುಣ್ಣಗೆ ಬರುತ್ತದೆ. ಎಳೆಗೆ ಅಡ್ಡ ಮಡಿಸಿದರೆ ಅಷ್ಟೂ ನಾರನ್ನು ಮುರಿದ ಹಾಗೆ, ದಪ್ಪ ಹಾಳೆ ಬಿರಿಯದೆ ಇನ್ನೇನು ಮಾಡುತ್ತದೆ? ಅಂಗಡಿಯಲ್ಲಿ ಸಿಗೋ ಎ4 ಹಾಳೆಗಳಲ್ಲಿ ಎಳೆ ಸಾಮಾನ್ಯವಾಗಿ ಉದ್ದಕ್ಕೆ ಇರುತ್ತದೆ. ನೀವು ಅದನ್ನು ನಡುವೆ ಅಡ್ಡಕ್ಕೆ ಮಡಿಸಿದಿರಿ.

ಇದಕ್ಕೆ ಒಂದು ಸುಲಭದ ದಾರಿ ಇದೆ. ಅದೇ ಎ4 ಅನ್ನು ಮೊದಲು ಅರ್ಧಕ್ಕೆ ಕತ್ತರಿಸಿ. ಈಗ ಕೈಯಲ್ಲಿರೋ ತುಂಡು 21 ಸೆಂ.ಮೀ. ಉದ್ದ, 14.8 ಅಗಲ, ಎಳೆ ಇರೋದು ಅಗಲದ ಕಡೆಗೆ. ಇದನ್ನು ನಡುವೆ ಮಡಿಸಿದರೆ ಮಡಿಕೆ ಎಳೆಯ ಜೊತೆಗೇ ಬೀಳುತ್ತದೆ. ಅದಕ್ಕೇ ಚಿಕ್ಕ ಕಾರ್ಡು ಚೆನ್ನಾಗಿ ಬರುತ್ತದೆ, ದೊಡ್ಡದು ಬಿರಿಯುತ್ತದೆ. ದೊಡ್ಡ ಕಾರ್ಡೇ ಬೇಕು ಅಂದರೆ ದೊಡ್ಡ ಶೀಟ್ ತಂದು, ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಎಳೆ ಆ ಮಡಿಕೆಯ ಜೊತೆಗಿದೆ ಅಂತ ಲೆಕ್ಕ. ಆ ಪ್ರಕಾರ ಕತ್ತರಿಸಿ.

ಮಡಿಸುವ ಮುಂಚೆ ಗೀರು ಎಳೆಯಲೇಬೇಕು. ಇಂಕು ಮುಗಿದ ಬಾಲ್ ಪೆನ್ ಸಾಕು. ಸ್ಕೇಲ್ ಇಟ್ಟು, ಹಾಳೆ ಕೆಳಗೆ ಎರಡು ಮಡಿಕೆ ಪೇಪರ್ ಹಾಸಿ, ಒಂದೇ ಗೆರೆ ಮೇಲೆ ಎರಡು ಸಲ ಎಳೆಯಿರಿ, ಹರಿಯಬಾರದು, ಕುಣಿ ಬೀಳಬೇಕು. ಇಲ್ಲಿ ಎಲ್ಲರೂ ಎಡವೋದು ಒಂದು ಕಡೆ: ಕುಣಿ ಇರೋ ಬದಿ ಮಡಿಕೆಯ ಹೊರಗೆ ಬರಬೇಕು, ಉಬ್ಬು ಒಳಗೆ. ಕುಣಿಯ ಒಳಕ್ಕೇ ಮಡಿಸಬೇಕು ಅಂತ ಕೈ ಹೇಳುತ್ತದೆ, ಕೇಳಬೇಡಿ. ಮಡಿಸಿದ ಮೇಲೆ ಉಗುರಲ್ಲಿ ತೀಡಬೇಡಿ, ಹೊಳಪು ಗೆರೆ ಬೀಳುತ್ತದೆ. ನಮ್ಮಪ್ಪನ ಹತ್ರ ಒಂದು ಬಿದಿರಿನ ಚಪ್ಪಟೆ ಚಕ್ಕೆ ಇತ್ತು, ಉಪಯೋಗಿಸಿ ಉಪಯೋಗಿಸಿ ಬೆಣ್ಣೆ ಹಾಗಾಗಿತ್ತು. ನೀವು ಸ್ಟೀಲ್ ಚಮಚದ ಬೆನ್ನು ಬಳಸಿ, ಮಧ್ಯ ಒಂದು ಬಿಳಿ ಹಾಳೆ ಇಟ್ಟುಕೊಂಡು.

ಇನ್ನು ಆಲ್ಬಂ. ಬಿಳಿ ಅಂಟಿನಲ್ಲಿ ನೀರು ಜಾಸ್ತಿ. ನೀರು ಕುಡಿದ ನಾರು ಉದ್ದ ಆಗೋದಿಲ್ಲ, ದಪ್ಪ ಆಗುತ್ತದೆ. ಹಾಗಾಗಿ ಹಾಳೆ ಎಳೆಗೆ ಅಡ್ಡ ಹಿಗ್ಗುತ್ತದೆ. ಒಣಗುವಾಗ ಒಂದು ಕಡೆ ಫೋಟೋ ಹಿಡಿದುಕೊಂಡಿರುತ್ತದೆ, ಇನ್ನೊಂದು ಕಡೆ ಹಾಳೆ ಎಳೆಯುತ್ತಿರುತ್ತದೆ, ಸುಕ್ಕು ಬೀಳುತ್ತದೆ. ಫೋಟೋಗೆ ಅಂಟೇ ಹಚ್ಚಬೇಡಿ ಅನ್ನೋದು ನನ್ನ ಮಾತು. ನಿಮ್ಮಜ್ಜನ ಮನೆಯ ಹಳೇ ಆಲ್ಬಂ ನೆನಪಿದೆಯಾ, ಕಪ್ಪು ಪುಟ, ನಡುವೆ ತೆಳ್ಳನೆ ಬಟರ್ ಪೇಪರ್, ಫೋಟೋ ನಾಲ್ಕು ಮೂಲೆಗೂ ಪುಟ್ಟ ತ್ರಿಕೋನದ ಟೋಪಿ? ಆ ಟೋಪಿ ಮನೆಯಲ್ಲೇ ಮಾಡಬಹುದು. 4 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಕಾಗದದ ಪಟ್ಟಿ ತಗೊಳ್ಳಿ. ಮೇಲಿನ ಅಂಚಿನ ನಡುವಿಗೆ ಗುರುತು ಹಾಕಿ, ಅಲ್ಲಿಂದ ಎರಡೂ ಪಕ್ಕವನ್ನು ಕೆಳಗೆ ಮಡಿಸಿ, ನಡುಗೆರೆಯಲ್ಲಿ ಸೇರಲಿ. ತ್ರಿಕೋನ ಆಯಿತು. ಸೇರಿದ ಬದಿಗೆ ಅಂಟು ಹಚ್ಚಿ ಪುಟಕ್ಕೆ ಅಂಟಿಸಿ, ಫೋಟೋ ಮೂಲೆ ಒಳಗೆ ತೂರಿಸಿ. ಪಟ್ಟಿ ಎಷ್ಟೇ ದೊಡ್ಡದಿರಲಿ, ಉದ್ದ ಅಗಲದ ಎರಡರಷ್ಟಿದ್ದರೆ ಸರಿ. ನಾಳೆ ಯಾರಿಗಾದರೂ ಆ ಫೋಟೋ ನಕಲು ಬೇಕು ಅಂದರೆ ಹರಿಯದೆ ತೆಗೆಯಬಹುದು, ಅದು ದೊಡ್ಡ ಲಾಭ.

ಇನ್ನೊಂದು ಮಾತು ಮರೆತೆ. ಫೋಟೋ ಇಟ್ಟ ಮೇಲೆ ಆಲ್ಬಂ ಬೆನ್ನು ತೆಳ್ಳಗೆ, ಬಾಯಿ ದಪ್ಪ ಆಗಿ ಮೊಸಳೆ ಹಾಗೆ ತೆರೆದುಕೊಳ್ಳುತ್ತದೆ. ಬೆನ್ನಿನ ಹತ್ರ ಪ್ರತಿ ಎರಡು ಪುಟದ ಮಧ್ಯೆ 2 ಸೆಂ.ಮೀ. ಅಗಲದ ಪಟ್ಟಿ ಸೇರಿಸಿ ಹೊಲಿಯಿರಿ, ದಪ್ಪ ಸಮ ಆಗುತ್ತದೆ. ಪುಟದ ಎಳೆ ಬೆನ್ನಿನ ಉದ್ದಕ್ಕೆ ಬರುವ ಹಾಗೆ ನೋಡಿಕೊಳ್ಳಿ, ಆಗ ಪುಟ ತಾನಾಗಿ ಮಲಗುತ್ತದೆ.

ಚುಕ್ಕಿ ಟೀಚರ್:

ಮೇಲಿನವರು ಹೇಳಿದ್ದು ಪೂರ್ತಿ ನಿಜ. ನಾನು ಮಕ್ಕಳ ಕೈಲಿ ಕಾರ್ಡು ಮಾಡಿಸೋಳು, ನನ್ನ ಎರಡು ಮಾತು ಸೇರಿಸುತ್ತೇನೆ.

ಅಜ್ಜನ ಕಾರ್ಡಿಗೆ ತೆರೆದಾಗ ಎದ್ದು ನಿಲ್ಲೋ ಚಂದ್ರ ಮಾಡಿ. ಕಷ್ಟ ಏನಿಲ್ಲ. ತೆಳು ಹಾಳೆಯೊಂದನ್ನು ಮಡಿಸಿ, ಮಡಿಕೆ ಕಡೆಯಿಂದ ಒಳಕ್ಕೆ 3 ಸೆಂ.ಮೀ. ಉದ್ದದ ಎರಡು ಸಮಾನಾಂತರ ಕತ್ತರಿ ಹಾಕಿ, ನಡುವೆ 2 ಸೆಂ.ಮೀ. ಅಂತರ ಇರಲಿ. ಹಾಳೆ ಬಿಡಿಸಿ ಆ ಪಟ್ಟಿಯನ್ನು ನಿಮ್ಮ ಕಡೆಗೆ ಎಳೆದು ಉಲ್ಟಾ ಮಡಿಸಿ. ಪುಟ್ಟ ಮೆಟ್ಟಿಲು ಎದ್ದು ಬರುತ್ತದೆ. ಅದರ ಮುಂದಿನ ಮುಖಕ್ಕೆ ಚಂದ್ರನ್ನ ಅಂಟಿಸಿ, ಹೊರಗೆ ದಪ್ಪ ಕಾರ್ಡು ಹಾಕಿ. ಮೆಟ್ಟಿಲಿನ ಹಿಂದೆ ಮಾತ್ರ ಅಂಟು ಹಾಕಬಾರದು. ಪ್ರತಿ ವರ್ಷ ಒಬ್ಬ ಹುಡುಗ ಹಾಕುತ್ತಾನೆ, ಆಮೇಲೆ "ಮಿಸ್, ಇದು ಏಳ್ತಿಲ್ಲ" ಅಂತ ಬರುತ್ತಾನೆ.

ಅಳತೆಗೆ ಒಂದೇ ನೆನಪು. ಕತ್ತರಿ ಎಷ್ಟು ಒಳಕ್ಕೆ ಹೋಗಿದೆಯೋ ಅದರ ಎರಡರಷ್ಟು ದೂರಕ್ಕೆ ಮೆಟ್ಟಿಲಿನ ತುದಿ ಬರುತ್ತದೆ, ಕಾರ್ಡು ಮುಚ್ಚಿದಾಗ. 3 ಕತ್ತರಿಸಿದರೆ 6. ಬೈಂಡಿಂಗ್ ಮನೆಯವರು ಹೇಳಿದ ಚಿಕ್ಕ ಕಾರ್ಡಿನ ಅಗಲ ಹತ್ತೂವರೆ ತಾನೇ, ಒಳಗೇ ಉಳಿಯಿತು. ಚಂದ್ರ ದೊಡ್ಡದಾದರೆ ಮಾತ್ರ ಹೊರಗೆ ಇಣುಕುತ್ತಾನೆ, ಅಂಟಿಸೋಕೆ ಮುಂಚೆ ಇಟ್ಟು ಮುಚ್ಚಿ ನೋಡಿ. ಚಂದ್ರನಿಗೆ ಬೇಗಡೆ ಕಾಗದ ಹಾಕಬಹುದು, ಆದರೆ ಜಾಸ್ತಿ ಹೊಳೆದರೆ ಸಂತೆ ಆಟಿಕೆ ಹಾಗೆ ಕಾಣುತ್ತದೆ ಅನ್ನೋದು ನನ್ನ ಅಭಿಪ್ರಾಯ. ಸಾದಾ ಬಿಳಿ ಚೆಂದ.

ಕಾರ್ಡಿನ ಮುಖಕ್ಕೆ ಚುಕ್ಕಿ ರಂಗೋಲಿ ದಾರದಲ್ಲಿ ಹೊಲಿಯಿರಿ. ಅಜ್ಜಿಗೆ ಗೊತ್ತಿರೋ ರಂಗೋಲಿ ಆದರೆ ಇನ್ನೂ ಒಳ್ಳೇದು. ಚೌಕುಳಿ ಹಾಳೆ ಮೇಲೆ ಚುಕ್ಕಿ ಹಾಕಿ, ಕಾರ್ಡು ಮೇಲಿಟ್ಟು, ಕೆಳಗೆ ದಪ್ಪ ಟವೆಲ್ ಮಡಿಸಿಟ್ಟು, ಎಲ್ಲಾ ತೂತನ್ನೂ ಮೊದಲೇ ಸೂಜಿಯಲ್ಲಿ ಚುಚ್ಚಿಕೊಳ್ಳಿ. ಆಮೇಲೆ ಕಸೂತಿ ದಾರದ ಎರಡೇ ಎಳೆ ತಗೊಂಡು ಹೊಲಿಯಿರಿ. ಚುಚ್ಚುತ್ತಾ ಹೊಲಿಯುತ್ತಾ ಹೋದರೆ ಕಾರ್ಡು ಮುದುರುತ್ತದೆ. ತೂತುಗಳು ತೀರಾ ಹತ್ತಿರ ಇದ್ದರೆ ಅಂಚೆ ಚೀಟಿ ಹಾಗೆ ಹರಿದು ಬರುತ್ತದೆ, ಅರ್ಧ ಸೆಂ.ಮೀ. ಅಂತರ ಇರಲಿ. ಹಿಂದಿನ ಗಂಟು ಕಾಣದ ಹಾಗೆ ಒಳಗೊಂದು ಹಾಳೆ ಅಂಟಿಸಿದರೆ ಮುಗೀತು.

ಮುಚ್ಚಳದ ಮೂರ್ತಿ:

ಡಬ್ಬಿ ಬಗ್ಗೆ ಯಾರೂ ಮಾತಾಡ್ತಿಲ್ಲ, ನಾನು ಹೇಳುತ್ತೇನೆ. ತಳ 8, ಮುಚ್ಚಳ 8 ಅಂದರೆ ಹೇಗಮ್ಮಾ ಕೂರುತ್ತದೆ? ತಳದ ಗೋಡೆಗೆ ದಪ್ಪ ಇದೆ, ಮೂಲೆಯಲ್ಲಿ ಅಂಟಿಸಿದ ಕಿವಿಗೂ ದಪ್ಪ ಇದೆ. ಮುಚ್ಚಳ 8.3 ಮಾಡಿ. ಕಿವಿಯ ತುದಿಗಳನ್ನು ಸ್ವಲ್ಪ ಓರೆಯಾಗಿ ಕತ್ತರಿಸಿ, ಮೂಲೆಗಳಲ್ಲಿ ಉಬ್ಬೋದಿಲ್ಲ. ಇದು ಒಂದು ಡಬ್ಬಿಗೆ ಸರಿ.

60 ಡಬ್ಬಿಗೆ ಈ ದಾರಿ ಬೇಡ. ಅಂಟು ಒಣಗೋವರೆಗೆ ಬೆರಳಲ್ಲಿ ಹಿಡಿದು ಕೂತರೆ ಶಾಂತಿ ಮುಗಿದು ಹೋಗುತ್ತದೆ. ಅಂಟೇ ಇಲ್ಲದ ಮಡಿಕೆ ಡಬ್ಬಿ ಮಾಡಿ. ಜಪಾನಿನವರು ಇದಕ್ಕೆ ಮಸು ಅನ್ನುತ್ತಾರೆ, ಅಲ್ಲಿ ಅಕ್ಕಿ ಅಳೆಯುವ ಚೌಕದ ಮರದ ಪೆಟ್ಟಿಗೆಯ ಹೆಸರದು, ನಮ್ಮ ಸೇರು, ಪಾವು ಇದ್ದ ಹಾಗೆ.

ಚೌಕದ ಹಾಳೆ ತಗೊಳ್ಳಿ. ಎರಡೂ ಕಡೆ ಅರ್ಧ ಮಡಿಸಿ ಬಿಚ್ಚಿ, ನಡುಬಿಂದು ಸಿಗುತ್ತದೆ. ನಾಲ್ಕೂ ಮೂಲೆ ನಡುವಿಗೆ ತನ್ನಿ. ಈಗ ಬಂದ ಚೌಕದ ಎದುರು ಬದುರು ಅಂಚುಗಳನ್ನು ನಡುವಿಗೆ ಮಡಿಸಿ ಬಿಚ್ಚಿ, ಉಳಿದೆರಡನ್ನೂ ಹಾಗೇ ಮಾಡಿ. ಆಮೇಲೆ ಎದುರು ಬದುರಿನ ಎರಡು ಮೂಲೆ ಪೂರ್ತಿ ಬಿಡಿಸಿ, ಬಿಡಿಸದ ಎರಡು ಪಕ್ಕವನ್ನು ಗೋಡೆ ಹಾಗೆ ಎತ್ತಿ ನಿಲ್ಲಿಸಿ. ಬಿಡಿಸಿದ ಉದ್ದನೆ ಕೈಯನ್ನು ಮೇಲೆತ್ತುವಾಗ ಮೂಲೆಗಳು ತಾವಾಗಿ ಒಳಕ್ಕೆ ತಿರುಗುತ್ತವೆ, ಅದನ್ನು ಗೋಡೆ ಮೇಲಿಂದ ಒಳಗೆ ಮಗುಚಿ ತಳಕ್ಕೆ ಒತ್ತಿ. ಆ ಕಡೆಯದೂ ಹಾಗೇ. ಮೊದಲ ಡಬ್ಬಿಗೆ ಕಾಲು ಗಂಟೆ ಬೇಕು, ಹತ್ತನೆಯದು ಟಿವಿ ನೋಡ್ತಾ ಆಗುತ್ತದೆ.

ಅಳತೆ ಲೆಕ್ಕ: ಡಬ್ಬಿಯ ತಳ ಹಾಳೆಯ ಮೂರನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ ಬರುತ್ತದೆ, ಎತ್ತರ ಅದರ ಅರ್ಧ. ಎ4 ಹಾಳೆಯಿಂದ 21 ಸೆಂ.ಮೀ. ಚೌಕ ಸಿಗುತ್ತದೆ, ಅದರಿಂದ ಸುಮಾರು 7.4 ತಳ, 3.7 ಎತ್ತರ. ಇದನ್ನು ಮುಚ್ಚಳಕ್ಕೆ ಇಟ್ಟುಕೊಳ್ಳಿ. ತಳಕ್ಕೆ ಹಾಳೆ 20.5 ಚೌಕ ಕತ್ತರಿಸಿ. ಅರ್ಧ ಸೆಂ.ಮೀ. ವ್ಯತ್ಯಾಸ ಹಾಳೆಯಲ್ಲಿ, ಡಬ್ಬಿಯಲ್ಲಿ ಎರಡು ಮಿ.ಮೀ.ಗಿಂತ ಕಮ್ಮಿ. ಮುಚ್ಚಳ ಸೊಂಯ್ ಅಂತ ಗಾಳಿ ಬಿಟ್ಟು ಕೂರುತ್ತದೆ, ಆ ಸದ್ದೇ ಒಂದು ಖುಷಿ.

300 ಜಿಎಸ್ಎಂ ಇಲ್ಲಿ ಬೇಡವೇ ಬೇಡ, ಪದರದ ಮೇಲೆ ಪದರ ಬಂದು ಮಡಿಕೆ ಒಡೆಯುತ್ತದೆ. 100ರಿಂದ 120 ಸಾಕು. ಪ್ರಿಂಟರ್‌ಗೆ ಹಾಕೋ 75, 80ರ ಹಾಳೆ ಸ್ವಲ್ಪ ಮೆತ್ತಗೆ. ಹಳೇ ಕ್ಯಾಲೆಂಡರಿನ ಹಾಳೆ ಚೆನ್ನಾಗಿ ಬರುತ್ತದೆ, ಬಿಳಿ ಹಿಂಬದಿ ಹೊರಗೆ ಮಾಡಿದರೂ ಸರಿ. ತುಪ್ಪದ ತಿಂಡಿ ಹಾಕೋದಾದರೆ ಒಳಗೆ ಬಟರ್ ಪೇಪರ್ ಇಡಿ. ಬೆಂಗಳೂರಿಗೆ ಬರೋರಿದ್ದರೆ ಸುಲ್ತಾನ್‌ಪೇಟೆ ಸುತ್ತ ಮದುವೆ ಕಾರ್ಡಿನ ಅಂಗಡಿಗಳಿವೆ, ಅಲ್ಲಿ ಕೇಳಿ. ಅಟ್ಟದ ಮೇಲಿರೋ ಹಳೇ ಮದುವೆ ಕಾರ್ಡುಗಳನ್ನೂ ಎಸೆಯಬೇಡಿ. ಗಟ್ಟಿ ಹಾಳೆ, ಚಿನ್ನದ ಗಣಪತಿ ಪುಕ್ಕಟೆ.

ತೀರ್ಥಹಳ್ಳಿ ಮಳೆ:

ಅಂಟಿನ ಬಗ್ಗೆ ನನ್ನದೊಂದು ತಕರಾರು. ಎಲ್ಲರೂ ಈಗ ಡಬಲ್ ಸೈಡ್ ಟೇಪ್ ಅನ್ನುತ್ತಾರೆ. ನಾನು ಅಣ್ಣನ ಮದುವೆ ಆಲ್ಬಂ ಪೂರ್ತಿ ಅದರಲ್ಲೇ ಮಾಡಿದ್ದೆ. ಒಂದು ಮಳೆಗಾಲ ಕಳೆಯಿತು, ಅರ್ಧ ಫೋಟೋ ಕೆಳಗೆ ಉದುರಿದ್ದವು, ಉಳಿದವುಗಳ ಅಂಚಲ್ಲಿ ಹಳದಿ ಕಲೆ. ಸಾಗರದವರು ಅಂದಿರಿ, ನಿಮಗೆ ಆಷಾಢದ ತೇವ ನಾನು ಹೇಳಬೇಕಾಗಿಲ್ಲ. ಸೆಲೋ ಟೇಪ್ ಅಂತೂ ಹತ್ತಿರ ತರಬೇಡಿ. ನಮ್ಮ ಮನೆಯಲ್ಲಿ ಹಿಂದೆ ಮೈದಾ ಅಂಟಲ್ಲಿ ಹಾಕಿದ ಪುಸ್ತಕಗಳು ಇನ್ನೂ ಗಟ್ಟಿ ಇವೆ. ಅದನ್ನೇ ಮಾಡಬಾರದಾ?

ಬೈಂಡಿಂಗ್ ಮನೆಯವನು:

ಮೈದಾ ಅಂಟು ಒಳ್ಳೇದೇ, ಆದರೆ ಹುಳ ಬರುತ್ತದೆ. ಪುಸ್ತಕದಲ್ಲಿ ಸರ್ರನೆ ಓಡುವ ಬೆಳ್ಳಿ ಬಣ್ಣದ ಹುಳಕ್ಕೆ ಅದು ಹಬ್ಬದೂಟ. ಅಪ್ಪ ಅದಕ್ಕೇ ಕುದಿಯುವಾಗ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳಿರೋ ಮನೆಯಲ್ಲಿ ಬೇಡ, ಫೋಟೋ ಹತ್ರ ಅಂತೂ ಬೇಡ. ಅದರಲ್ಲೂ ನೀರಿದೆ, ಹಪ್ಪಳ ತಪ್ಪೋದಿಲ್ಲ. ರಟ್ಟಿಗೆ ಬಟ್ಟೆ ಹಾಕೋಕೆ ಸರಿ. ಮೂಲೆ ಟೋಪಿಗೆ ಬಿಳಿ ಅಂಟೇ ಸಾಕು, ಕಡ್ಡಿ ತುದಿಯಲ್ಲಿ ಒಂದು ಹನಿ. ಅಲಂಕಾರದ ತುಂಡುಗಳಿಗೆ ಗ್ಲೂ ಸ್ಟಿಕ್, ಅದರಲ್ಲಿ ನೀರು ಕಮ್ಮಿ. ಏನೇ ಅಂಟಿಸಿದರೂ ಪುಟಗಳ ಮಧ್ಯ ಬಿಳಿ ಹಾಳೆ ಹಾಕಿ ಒಂದು ರಾತ್ರಿ ಭಾರದ ಕೆಳಗೆ ಇಡಿ. ನ್ಯೂಸ್ ಪೇಪರ್ ಹಾಕಬೇಡಿ, ಮಸಿ ಹತ್ತುತ್ತದೆ. ನಾವು ಒರಳಿನ ಗುಂಡು ಇಡುತ್ತಿದ್ದೆವು.

ಸಾಗರದ ಮೊಮ್ಮಗಳು:

ಎಲ್ಲರಿಗೂ ಥ್ಯಾಂಕ್ಸ್. ಕಾರ್ಯಕ್ರಮ ಭಾನುವಾರ ಮುಗಿಯಿತು, ಏನೇನಾಯಿತು ಅಂತ ಬರೆಯುತ್ತೇನೆ.

ಮೂಲೆ ಟೋಪಿ ಮಾಡಿದೆ. ಡಬ್ಬಿಗೆ ಚೌಕ ಕತ್ತರಿಸಿ ಉಳಿದ ಪಟ್ಟಿಗಳಿದ್ದವಲ್ಲ, ಅದರಲ್ಲೇ. ಈ ಸಲ ಪ್ರಿಂಟ್ ಸ್ಟುಡಿಯೋದಲ್ಲಿ ಹಾಕಿಸಿದೆ. ಒಂದು ಪುಟವೂ ಸುಕ್ಕಾಗಿಲ್ಲ. ಬೆನ್ನಿಗೆ ಪಟ್ಟಿ ಸೇರಿಸೋದು ಅರ್ಧದಲ್ಲಿ ಮರೆತೆ, ಹಾಗಾಗಿ ಕೊನೆ ಪುಟಗಳು ಮೊಸಳೆ ಬಾಯಿಯೇ.

ಕಾರ್ಡಿನ ಮಡಿಕೆ ನುಣ್ಣಗೆ ಬಂತು. ಕುಣಿ ಹೊರಗೆ ಅನ್ನೋದು ಮೊದಲ ಸಲ ಉಲ್ಟಾ ಮಾಡಿ, ಎರಡನೇ ಸಲ ಸರಿ ಮಾಡಿದೆ. ಚಂದ್ರ ಎದ್ದು ನಿಂತ.

ಆಲ್ಬಂನ ಮೊದಲ ಪುಟಕ್ಕೆ ಒಂದು ಐಡಿಯಾ ಬಂತು, ಅದನ್ನು ಹೇಳಲೇಬೇಕು. ಆಫೀಸಿನ ಪಂಚಿಂಗ್ ಮಷೀನ್ ಕೆಳಗೆ ಬಿಳಿ ಚುಕ್ಕಿಗಳು ಬೀಳುತ್ತವಲ್ಲ, 6 ಮಿ.ಮೀ. ಇರುತ್ತವೆ. ಅವನ್ನು ಕೂಡಿಹಾಕಿ ಕಪ್ಪು ಎ4 ಹಾಳೆ ಮೇಲೆ ಅಡ್ಡಕ್ಕೆ 25, ಉದ್ದಕ್ಕೆ 40 ಸಾಲು ಅಂಟಿಸಿದೆ. 7 ಮಿ.ಮೀ.ಗೆ ಒಂದರಂತೆ ಸರಿಯಾಗಿ ಕೂರುತ್ತವೆ. ಒಟ್ಟು 1000 ಹುಣ್ಣಿಮೆ. ಹುಣ್ಣಿಮೆಯಿಂದ ಹುಣ್ಣಿಮೆಗೆ 29.5 ದಿನ ಅಂತ ಗುಣಿಸಿದರೆ 80 ವರ್ಷ ದಾಟಿ ಕೆಲವು ತಿಂಗಳು, ಲೆಕ್ಕ ಸರಿಹೋಯಿತು. ಚುಕ್ಕಿಗೆ ಅಂಟು ಹಚ್ಚೋಕೆ ಹೋದರೆ ಬೆರಳಿಗೇ ಅಂಟುತ್ತವೆ. ಪುಟಕ್ಕೆ ಒಂದೊಂದು ಸಾಲು ಗ್ಲೂ ಸ್ಟಿಕ್ ತೀಡಿ, ಟೂತ್‌ಪಿಕ್ ತುದಿ ಒದ್ದೆ ಮಾಡಿ ಎತ್ತಿ ಇಟ್ಟೆ. ಮೂರು ಸಂಜೆ ಹಿಡಿಯಿತು. ಫ್ಯಾನ್ ಹಾಕುವ ಹಾಗಿಲ್ಲ, ನನ್ನ ತಮ್ಮ ಒಂದು ಸಲ ಹಾಕಿದ, ಚಂದ್ರರೆಲ್ಲ ಮಂಚದ ಕೆಳಗೆ.

ಅಜ್ಜ ಕನ್ನಡಕ ಹಾಕಿಕೊಂಡು ಆ ಪುಟವನ್ನೇ ತುಂಬಾ ಹೊತ್ತು ನೋಡಿದರು. ಬೆರಳಲ್ಲಿ ಎಣಿಸೋಕೂ ಶುರು ಮಾಡಿದರು. ಅಜ್ಜಿ ಪಕ್ಕದಿಂದ, "ಇವರ ಹುಣ್ಣಿಮೆಗಳನ್ನೆಲ್ಲ ಅಂಟಿಸಿದೀಯಲ್ಲೇ, ನಾನು ಇವರ ಜೊತೆ ಕಳೆದ ಅಮಾವಾಸ್ಯೆಗಳಿಗೆ ಪುಟ ಎಲ್ಲಿ?" ಅಂದರು. ಇಡೀ ಚಪ್ಪರ ನಕ್ಕಿತು.

ಡಬ್ಬಿ 60 ಆದವು, ಚಿಕ್ಕಮ್ಮನ ಮಕ್ಕಳು ಕೂತು ಮಡಿಸಿದರು. ಆದರೆ ಅವರು 20.5ರ ಕಟ್ಟನ್ನು ಮರೆತು 21ರದ್ದನ್ನೇ ಮಡಿಸುತ್ತಾ ಹೋಗಿ ಮುಚ್ಚಳ 14 ಜಾಸ್ತಿ ಆಗಿವೆ. ತಳ ಇಲ್ಲದ 14 ಮುಚ್ಚಳ. ಏನು ಮಾಡಲಿ ಹೇಳಿ.

ಮುಚ್ಚಳದ ಮೂರ್ತಿ:

ಮಗುಚಿ ಇಡಿ, ಅವೇ ತಳ. 21.5 ಚೌಕದ ಹಾಳೆ ತಂದು ಅದಕ್ಕೆ ಮುಚ್ಚಳ ಮಾಡಿ. ಎ4ನಲ್ಲಿ ಸಿಗೋದಿಲ್ಲ, ಕ್ಯಾಲೆಂಡರ್ ಹರಿಯಿರಿ.